ಸೆರಗು ಸಿಗಿಸಿದರೆ ಪಾಕ ಬಂದಂತಲ್ಲ

ದೊಡ್ಡವ್ವ ತೀರಿಕೊಂಡು ತಿಂಗಳಾಯಿತು. ಆಕೆ ಕೆಲಸ ಮಾಡುತ್ತಿದ್ದ ಕರದಂಟಿನ ಅಂಗಡಿಯಲ್ಲಿ, ಗಲ್ಲಾದ ಮೇಲಿನ ಗೋಡೆಗೆ ಸಾವ್ಕಾರರು ಆಕೆಯ ಫೋಟೋ ಹಾಕಿಸಿದ್ದಾರೆ. ಫೋಟೋದಲ್ಲಿ ಆಕೆ ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದಾಳೆ. ನಾನು ಆಕೆಯ ಕೈಕೆಳಗೆ ಇದ್ದಷ್ಟು ದಿನ ಆಕೆ ಹಾಗೆ ಕೂತದ್ದನ್ನು ನೋಡಿಲ್ಲ. ಬಾಯಿ ಮುಚ್ಚಿದ್ದಂತೂ ಇಲ್ಲವೇ ಇಲ್ಲ.

ಹೆಸರು ಬರೆಯುವುದಿಲ್ಲ. ಅದು ಆಕೆಯದೇ ಅಪ್ಪಣೆ. ಒಮ್ಮೆ ಸಾವ್ಕಾರರು ಕರದಂಟಿನ ಹೊಸ ಡಬ್ಬಿಯ ಮೇಲೆ ಆಕೆಯ ಮುಖ ಮತ್ತು ಹೆಸರು ಅಚ್ಚು ಹಾಕಿಸಬೇಕೆಂದು ಹೊರಟಿದ್ದರು. ಆಕೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಸಾವ್ಕಾರ್ರ, ಮಂದಿ ಒಳಗಿಂದು ತಿಂದು ಡಬ್ಬಿ ಎಲ್ಲಿ ಒಗೀತಾರ?"

"ಎಲ್ಲ್ಯರ ಒಗೀತಾರ ಬಿಡು ದೊಡ್ಡವ್ವಾ."

"ಗಟಾರದಾಗ ಒಗೀತಾರ. ನನ್ನ ಮಾರಿ ಗಟಾರದಾಗ ತೇಲಿಕೋತ ಬಾಗಲಕೋಟಿ ಮಟಾ ಹೋಗೂದು ಬ್ಯಾಡ. ನಿಮ್ಮ ಮಾರಿ ಹಾಕಿಸ್ಕೋರಿ."

ಡಬ್ಬಿಯ ಮೇಲೆ ಕೊನೆಗೆ ಗೋಡಂಬಿಯ ಚಿತ್ರ ಬಂತು.

ಆಕೆಯ ಊರು ಕಮತಗಿ. ನಮ್ಮ ಅಂಗಡಿ ಅಮೀನಗಡದಲ್ಲಿ, ದೊಡ್ಡ ರಸ್ತೆಯ ಮೇಲೆ. ಮುಂದೆ ಮಾರಾಟ, ಹಿಂದೆ ಭಟ್ಟಿ ಕೋಣೆ. ಭಟ್ಟಿ ಎಂದರೆ ಗ್ಯಾಸಿನ ದೊಡ್ಡ ಒಲೆ, ಅದರ ಮೇಲೆ ದೊಡ್ಡ ಕಡಾಯಿ. ಅಲ್ಲಿ ಬೆಲ್ಲದ ಪಾಕ ತೆಗೆಯುವುದು, ತುಪ್ಪದಲ್ಲಿ ಅಂಟು ಕರಿಯುವುದು, ಕೊಬ್ಬರಿ, ಉತ್ತತ್ತಿ, ಬದಾಮಿ, ಗೋಡಂಬಿ ಎಲ್ಲ ಕೂಡಿಸಿ ತಟ್ಟೆಗೆ ಸುರಿಯುವುದು. ಪಾಕ ಹಸಿಯಿದ್ದರೆ ಕರದಂಟು ಬೆರಳಿಗೆ ಮೆತ್ತುತ್ತದೆ. ಗಟ್ಟಿಯಾದರೆ ಕಲ್ಲು. ನಡುವೆ ಒಂದು ಗಳಿಗೆ ಇದೆ. ಆ ಗಳಿಗೆ ದೊಡ್ಡವ್ವನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ಜನ ಅದನ್ನು ಕೈಗುಣ ಎನ್ನುತ್ತಿದ್ದರು. ಕೈಗುಣವೂ ಅಲ್ಲ, ಮಣ್ಣೂ ಅಲ್ಲ. ಆಕೆ ಗಮನ ಕೊಡುತ್ತಿದ್ದಳು, ಅಷ್ಟೇ. ಅದನ್ನು ತಿಳಿಯಲು ನನಗೆ ಒಂದು ವರ್ಷ ಮತ್ತು ಒಂದು ಆಡು ಬೇಕಾಯಿತು.

ನಾನು ಅಲ್ಲಿಗೆ ಹೋದಾಗ ನನಗೆ ಇಪ್ಪತ್ತು. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಹುನಗುಂದದ ಗ್ಯಾರೇಜಿನಲ್ಲಿ ಬೋಲ್ಟಿನ ಥ್ರೆಡ್ ಕೆಡಿಸಿ ಹೊರಬಿದ್ದೆ. ಕುಳಗೇರಿ ಕ್ರಾಸಿನ ಚಹಾದಂಗಡಿಯಲ್ಲಿ ಒಂದು ವಾರ, ಹಾಲು ಉಕ್ಕಿಸಿ ಹೊರಬಿದ್ದೆ. ಇಳಕಲ್ಲಿನಲ್ಲಿ ಸೋದರಮಾವ ಮಗ್ಗಕ್ಕೆ ಕೂಡಿಸಿದರು. ಮೂರು ದಿನದಲ್ಲಿ ನಾನು ಎಷ್ಟು ಎಳೆ ಹರಿದೆ ಎಂದರೆ, ಅವನ್ನು ಕೂಡಿಸಲು ಅವರಿಗೆ ಇನ್ನೂ ಮೂರು ದಿನ ಬೇಕಾಯಿತಂತೆ. "ಇವನ ಕೈಗೆ ಯಾವ ಕೆಲಸಾನೂ ಹತ್ತಂಗಿಲ್ಲ" ಎಂದು ಅಪ್ಪ ಊರ ಮುಂದೆ ಹೇಳಿದ. ಹೇಳಿ ಹೇಳಿ ನಾನೂ ನಂಬಿದ್ದೆ.

ಮೊದಲ ದಿನ ದೊಡ್ಡವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನ್ ಬರ್ತೈತಲೇ ನಿನಗ?"

"ಏನೂ ಬರಂಗಿಲ್ಲ."

"ಭೇಷ್. ಅರ್ಧಾ ಬರ್ತೈತಿ ಅಂದಾಂವನ್ನ ತಿದ್ದಾಕ ಎರಡ ವರ್ಷ ಬೇಕಾಗ್ತಾವ. ಕೈಕಾಲ ತೊಳ್ಕೊಂಡ ಬಾ."

ಮೊದಲು ಅಂಟು ಕರಿಯುವ ಕೆಲಸ ಕೊಟ್ಟಳು. ಅಂಟು ಎಂದರೆ ಗಿಡದಿಂದ ಸುರಿದು ಗಟ್ಟಿಯಾದ ಗೋಂದು. ಕಾದ ತುಪ್ಪಕ್ಕೆ ಹಾಕಿದರೆ ಅರಳುತ್ತದೆ. ಒಮ್ಮೆಲೇ ಮುಗಿಯಲಿ ಎಂದು ನಾನು ಎರಡು ಮುಷ್ಟಿ ಸುರಿದೆ. ಮೇಲೆ ಬೆಳ್ಳಗೆ ಅರಳಿತು. ತೆಗೆದೆ. ಆ ದಿನದ ಕರದಂಟನ್ನು ಸಾವ್ಕಾರರು ಮೊದಲು ಬಾಯಿಗೆ ಹಾಕಿದರು. ಒಳಗೆ ಅರಳದೆ ಉಳಿದಿದ್ದ ಅಂಟು ಅವರ ಹಲ್ಲಿಗೆ ಹಾಕಿಸಿದ್ದ ಟೋಪಿಯನ್ನು ಕಚ್ಚಿ ಹಿಡಿದುಕೊಂಡು ಹೊರಗೆ ಬಂತು.

ಸಾವ್ಕಾರರು ಟೋಪಿಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತರು. ನಾನು ಚಪ್ಪಲಿ ಹುಡುಕತೊಡಗಿದೆ. ದೊಡ್ಡವ್ವ ನನ್ನ ಕಿವಿ ಹಿಡಿದಳು. ಸಿಟ್ಟಿನಿಂದಲ್ಲ. ತುಪ್ಪದ ಕಡೆಗೆ ತಿರುಗಿಸಲು.

"ಇದು ಯಾತಕ ಐತಿ?"

"ಕೇಳಾಕ."

"ಮತ್ತ ಕೇಳು."

ಹತ್ತು ಹರಳು ಹಾಕಿದಳು. ಚಟಚಟ ಎಂದವು. "ಅವು ಮಾತಾಡಾಕತ್ತಾಗ ಮುಟ್ಟಬ್ಯಾಡ. ಸುಮ್ಮನಾದ ಕೂಡಲೇ ತೆಗಿ. ಆಮ್ಯಾಲೂ ಬಿಟ್ರ ಸಿಟ್ಟಿಗೆದ್ದು ಕೆಂಪಾಗ್ತಾವ, ಸಾವ್ಕಾರ್ರ ಮಾರಿ ಆಗೇತಲ್ಲ, ಹಂಗ."

ಅಂದಿನಿಂದ ಅಂಟು ಕೆಡಿಸಿಲ್ಲ. ಇಡೀ ಜನ್ಮದಲ್ಲಿ ನನಗೆ ಬಂದ ಮೊದಲ ಕೆಲಸ ಅದು.

ಆಕೆ ಎಲ್ಲದಕ್ಕೂ ಹಾಗೆಯೇ. ಬಸ್ಸು ನಿಂತು ಜನ ಇಳಿದು ಅಂಗಡಿಗೆ ಬಂದರೆ, ಒಳಗಿನಿಂದಲೇ ಇಣುಕಿ ಯಾರು ಕೊಳ್ಳುತ್ತಾರೆ, ಯಾರು ರುಚಿ ನೋಡಿ ಹೋಗುತ್ತಾರೆ ಎಂದು ಹೇಳಿಬಿಡುತ್ತಿದ್ದಳು. "ಮಾರಿ ನೋಡಬ್ಯಾಡ, ಕಾಲ ನೋಡು. ಕಾಲು ಬಸ್ಸಿನ ಕಡೆ ಇದ್ರ ಆಂವ ಪುಕ್ಕಟ ಗಿರಾಕಿ." ಒಮ್ಮೆ ಒಬ್ಬರು ದೊಡ್ಡ ಮನುಷ್ಯರು ಎರಡೂ ಕಾಲು ಬಸ್ಸಿನ ಕಡೆ ಇಟ್ಟು ನಿಂತೇ ಐದು ಕಿಲೋ ಕಟ್ಟಿಸಿದರು. ನಾನು ನಕ್ಕೆ. ಆಕೆ ಸ್ವಲ್ಪವೂ ಸೋಲಲಿಲ್ಲ. "ಆ ಕಾಲಾಗ ವಾಯು ಐತಿ, ಅದಕ್ಕ ಹಂಗ ನಿಂತಾನ" ಎಂದಳು.

ಇನ್ನೊಂದು ಸಂಗತಿ. ಆಕೆ ತಾನು ಮಾಡಿದ್ದನ್ನು ತಿನ್ನುತ್ತಿರಲಿಲ್ಲ. ಸಕ್ಕರಿ ಜಡ್ಡು. ಎಷ್ಟೋ ವರ್ಷದಿಂದ ಸಿಹಿ ಮುಟ್ಟಿರಲಿಲ್ಲ. ಹಾಗಾದರೆ ಚೆನ್ನಾಗಿ ಆಗಿದೆಯೋ ಇಲ್ಲವೋ ಹೇಗೆ ತಿಳಿಯುತ್ತಿದ್ದಳು? ಒಂದು ತುಂಡನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದಳು. ಟಕ್ ಎಂದರೆ ಗಟ್ಟಿ. ಸದ್ದೇ ಇಲ್ಲದೆ ಜಗ್ಗಿದರೆ ಹಸಿ. ಮೆತ್ತಗೆ, ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಂಥ ಸದ್ದು ಬಂದರೆ ತಲೆ ಆಡಿಸುತ್ತಿದ್ದಳು. ಗೊತ್ತಿಲ್ಲದವರು ನೋಡಿದರೆ ಮುದುಕಿ ಕರದಂಟಿನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ ಎನ್ನಬೇಕು.

ಆಮೇಲೆ ಪಾಕಕ್ಕೆ ಬಂದೆ. ಅಲ್ಲಿ ನಾನು ಜಾಣತನ ಮಾಡಿದೆ.

ದಿನವೂ ಕಡಾಯಿಯ ಮುಂದೆ ನಿಲ್ಲಿಸಿ, "ನೋಡಿಕೋತ ಇರು. ಬಂದಾಗ ಹೇಳು" ಎನ್ನುತ್ತಿದ್ದಳು. ನನಗೆ ಬೆಲ್ಲ ಕುದಿಯುವುದು ಕಾಣುತ್ತಿತ್ತು. ಮೊದಲಿಗೂ ಕುದಿ, ನಡುವೆಯೂ ಕುದಿ, ಕೊನೆಗೂ ಕುದಿ. ಏನು ಬರಬೇಕು? ಎಲ್ಲಿಂದ ಬರಬೇಕು? ನಾನು "ಬಂತು" ಎಂದಾಗಲೆಲ್ಲ ಬಂದಿರುತ್ತಿರಲಿಲ್ಲ. ಇಲ್ಲವೇ ಬಂದು ಹೋಗಿರುತ್ತಿತ್ತು. ತಟ್ಟೆಗೆ ತುಪ್ಪ ಸವರುವ ಹೆಣ್ಣುಮಕ್ಕಳು ಇಬ್ಬರಿದ್ದರು. ಅವರಿಗೆ ನನ್ನ "ಬಂತು" ದಿನದ ತಮಾಷೆಯಾಯಿತು. "ಏ, ಇಂವಗ ಎಲ್ಲಾ ಬಂತು, ಪಾಕ ಒಂದ ಬರಲಿಲ್ಲ" ಎಂದು ಆಡಿಕೊಳ್ಳುತ್ತಿದ್ದರು.

ಒಂದು ದಿನ ಕಂಡುಹಿಡಿದೆ. ಪಾಕ ಬರುವುದಕ್ಕೆ ಮೊದಲು ದೊಡ್ಡವ್ವ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸುತ್ತಿದ್ದಳು. ಕಡಾಯಿ ಇಳಿಸಲು ಕೈ ಖಾಲಿ ಬೇಕಲ್ಲ, ಅದಕ್ಕೆ. ಪ್ರತಿ ಸಲವೂ. ಆಕೆಗೇ ಗೊತ್ತಿರಲಿಲ್ಲ. ಸೆರಗು ಸಿಗಿಸಿದಳೋ, ಮೂರು ಎಣಿಸಿದರೆ ಪಾಕ.

ಮುಗಿಯಿತು. ನಾನು ಬೆಲ್ಲ ನೋಡುವುದನ್ನು ಬಿಟ್ಟೆ. ಕಣ್ಣನ್ನು ಕಡಾಯಿಯ ಮೇಲಿಟ್ಟಂತೆ ಮಾಡಿ, ಅಡ್ಡಗಣ್ಣಿನಿಂದ ಸೆರಗು ಕಾಯತೊಡಗಿದೆ. ಸೆರಗು ಏರಿತು, ಒಂದು, ಎರಡು, ಮೂರು. "ಬಂತು ದೊಡ್ಡವ್ವಾ!"

ಆಕೆ ಬೆರಗಾದಳು. ಮರುದಿನವೂ ಸರಿ. ಅದರ ಮರುದಿನವೂ. ಇಡೀ ತಿಂಗಳು ಒಂದು ಸಲವೂ ತಪ್ಪಲಿಲ್ಲ. "ಸಾವ್ಕಾರ್ರ, ಹುಡುಗನ ಕಣ್ಣು ತೆರದಾವ" ಎಂದು ಆಕೆ ಹೊರಗೆ ಹೋಗಿ ಹೇಳಿಬಂದಳು. ಅಪ್ಪನ ಕಿವಿಗೂ ಹೋಯಿತು. ಅಪ್ಪ ನನ್ನನ್ನು ಊಟಕ್ಕೆ ಹೆಸರು ಹಿಡಿದು ಕರೆದ. ಅದಕ್ಕೆ ಮೊದಲು "ಏ ಖೋಡಿ" ಎಂದು ಕರೆಯುತ್ತಿದ್ದ.

ಆಗ ಆಡು ಬಂತು.

ಹಿತ್ತಲ ಬಾಗಿಲು ತೆರೆದಿತ್ತು. ಕಡಾಯಿಗೆ ಬೆಲ್ಲ ಹಾಕಿ ಆಗಷ್ಟೇ ಕುದಿ ಹತ್ತಿತ್ತು. ನಾನು ಬೆನ್ನು ಸೆಟೆಸಿ ಪಂಡಿತನ ಹಾಗೆ ನಿಂತಿದ್ದೆ. ಯಾರದೋ ಆಡು ಒಳಗೆ ನುಗ್ಗಿ ಉತ್ತತ್ತಿಯ ಚೀಲಕ್ಕೆ ಬಾಯಿ ಹಾಕಿತು. ನಾನು ನೋಡಲಿಲ್ಲ. ದೊಡ್ಡವ್ವ ನೋಡಿದಳು. ಸೆರಗು ಸೊಂಟಕ್ಕೆ ಸಿಗಿಸಿ ಕೋಲಿಗೆ ಕೈ ಹಾಕಿದಳು.

ಒಂದು, ಎರಡು, ಮೂರು. "ಬಂತು!" ಎಂದು ಕೂಗಿ ಒಲೆ ಆರಿಸಿದೆ. ಹುರಿದ ಕೊಬ್ಬರಿ, ಅಂಟು, ಗೋಡಂಬಿ, ಇದ್ದದ್ದೆಲ್ಲ ಒಳಗೆ ಸುರಿದೆ.

ಆಡನ್ನು ಓಡಿಸಿ ಆಕೆ ತಿರುಗಿ ಬಂದಾಗ ಕಡಾಯಿಯಲ್ಲಿ ಗೋಡಂಬಿ ಈಜಾಡುತ್ತಿದ್ದವು. ಸೌಟು ಎತ್ತಿದಳು. ನೀರು ಸುರಿದಂತೆ ಸುರಿಯಿತು.

"ಏನ್ ಬಂತು?"

"ಪಾಕ."

"ಪಾಕ ಬಂತೋ, ಆಡು ಬಂತೋ?"

ಆಕೆ ನನ್ನನ್ನು ನೋಡಿದಳು. ತನ್ನ ಸೊಂಟ ನೋಡಿಕೊಂಡಳು. ಸೆರಗು ಕೆಳಗೆ ಬಿಟ್ಟಳು. ಮತ್ತೆ ಸಿಗಿಸಿದಳು. ನನ್ನ ತುಟಿ ತಾನಾಗಿಯೇ "ಒಂದು" ಎಂದಿತು.

"ಅಯ್ಯ ನಿನ್ನ ಹೆಣಾ ಎತ್ತಲಿ! ಪಾಕ ನನ್ನ ಸೀರ್ಯಾಗ ಐತೇನಲೇ?"

ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಆಕೆಯೂ ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಮಣೆಯ ಮೇಲೆ ಕೂತಳು.

"ನಾ ಸತ್ತರ ನನ್ನ ಸೀರಿ ತಂದು ಗೂಟಕ್ಕ ಹಾಕ್ಕೊಂಡು ಪಾಕಾ ತೆಗೀತಿ ಏನು?"

"ಮತ್ತೇನ್ ಮಾಡ್ಲಿ ಬೇ? ನೋಡು ನೋಡು ಅಂತಿ. ಏನ್ ನೋಡ್ಬೇಕು ಅಂತ ಹೇಳಂಗಿಲ್ಲ. ಬರೇ ಕುದೀತೈತಿ. ನನಗ ಬ್ಯಾರೆ ಏನೂ ಕಾಣಂಗಿಲ್ಲ."

ಬೈಯುತ್ತಾಳೆ ಎಂದು ಕಾದೆ. "ಹೌದಲೇ," ಎಂದಳು, "ನಾ ಹೇಳೇ ಇಲ್ಲ. ತಪ್ಪು ನಂದೂ ಐತಿ. ಆದ್ರ ನಿಂದು ಹೆಚ್ಚಿಂದು."

ಹಾಳಾದ ಕಡಾಯಿಯನ್ನು ನಾವು ವಾರವಿಡೀ ಪಾಯಸ ಎಂದು ಕುಡಿದೆವು.

ಮರುದಿನದಿಂದ ಕಲಿಸುವ ರೀತಿಯೇ ಬದಲಾಯಿತು. ನನ್ನನ್ನು ಗೋಡೆಗೆ ಮುಖ ಮಾಡಿ ಕೂಡಿಸಿದಳು. ಕಡಾಯಿಗೂ ಬೆನ್ನು, ಆಕೆಗೂ ಬೆನ್ನು. ನನ್ನ ಕಿವಿಯಲ್ಲಿದ್ದ ಇಯರ್‌ಫೋನ್ ಕಿತ್ತು ಗಸಗಸೆಯ ಡಬ್ಬಿಗೆ ಹಾಕಿದಳು. "ಎಂಟ ದಿನ ಬರೇ ಕಿವಿ. ಸದ್ದು ಬದಲಾದಾಗ ಕೈ ಎತ್ತು. ಪಾಕ ಬಂತೋ ಇಲ್ಲೋ ಅದು ನಿನಗ ಸಂಬಂಧ ಇಲ್ಲ. ಬರೇ ಸದ್ದು."

ಸಾವ್ಕಾರರು ಒಳಗೆ ಬಂದು ನೋಡಿದರು. "ಇದೇನ್ ದೊಡ್ಡವ್ವಾ, ಸಾಲ್ಯಾಗಿನ ಶಿಕ್ಷಾ?"

"ಸಾಲ್ಯಾಗ ಕಲೀಲಾರದ್ದು ಇಲ್ಲಿ ಕಲ್ಯಾಕತ್ತಾನ್ರಿ. ನೀವು ಗದ್ದಲಾ ಮಾಡಬ್ಯಾಡ್ರಿ, ಹೊರಗ ನಡೀರಿ."

ಎರಡು ದಿನ ಏನೂ ಕೇಳಲಿಲ್ಲ. ಮೂರನೆಯ ದಿನ ಕೇಳಿತು. ಮೊದಲು ಬುಳುಬುಳು ಎಂದು ಅವಸರದ ಸದ್ದು, ನೀರು ಕುದಿದ ಹಾಗೆ. ಆಮೇಲೆ ಅದು ನಿಧಾನವಾಗುತ್ತದೆ. ಫಟ್. ಫಟ್. ಒಂದೊಂದೇ ಗುಳ್ಳೆ ಭಾರವಾಗಿ ಒಡೆಯುತ್ತದೆ. ಅಷ್ಟು ದಿನ ಅಲ್ಲೇ ನಿಂತಿದ್ದೆ. ಆ ಸದ್ದು ದಿನವೂ ಆಗಿತ್ತು. ಕೇಳಿರಲಿಲ್ಲ.

ಮುಂದಿನ ಎಂಟು ದಿನ ಬರೇ ಕೈ. ಕಣ್ಣು ಮುಚ್ಚಿ ಸೌಟು ತಿರುವಬೇಕು, ಎಲ್ಲಿ ಅದು ತಡೆಯುತ್ತದೆ ಹೇಳಬೇಕು. ಆಮೇಲೆ ಬರೇ ಮೂಗು: ಹಸಿ ಕಬ್ಬಿನ ವಾಸನೆ ಹೋಗಿ ಹುರಿದ ವಾಸನೆ ಯಾವಾಗ ಬರುತ್ತದೆ ಎಂದು. ಕಣ್ಣಿಗೆ ಎಲ್ಲಕ್ಕಿಂತ ಕೊನೆಗೆ ರಜೆ ಮುಗಿಯಿತು. ನೊರೆ ಇಳಿಯುವುದು, ಗುಳ್ಳೆ ದೊಡ್ಡದಾಗುವುದು, ನೀರಿನ ಬಟ್ಟಲಲ್ಲಿ ಒಂದು ಹನಿ ಬಿಟ್ಟರೆ ಕರಗದೆ ಉಂಡೆಯಾಗುವುದು.

ನನಗೆ ತಾಳ್ಮೆ ಇಲ್ಲ. ಕೇಳಿಬಿಟ್ಟೆ. "ಇದನೆಲ್ಲಾ ಒಮ್ಮೆಲೇ ಹೇಳಿದ್ರ ಆಗತಿದ್ದಿಲ್ಲೇನ್ ಬೇ? ತಿಂಗಳ ಕಳದೀವಲ್ಲ."

"ಬಸ್ ಸ್ಟ್ಯಾಂಡಿನ್ಯಾಗ ಹತ್ತ ಮಂದಿ ಕಂಡಕ್ಟರು ಒಮ್ಮೆಲೇ ಕೂಗಿದ್ರ, ಯಾವ ಬಸ್ಸ ಹತ್ತತಿ?"

"ಖಾಲಿ ಇದ್ದದ್ದು."

"ಅದಕ್ಕ ನೀ ಯಾವಾಗೂ ತಪ್ಪ ಊರಿಗಿ ಹೋಗಿ ಇಳೀತಿ."

ಅಷ್ಟರಲ್ಲಿ ಆಕೆಯ ಕಣ್ಣಿಗೆ ಪೊರೆ ಬಂದಿತ್ತು. ತೆಗೆಸಬೇಕು ಎಂದು ಬಾಗಲಕೋಟೆಯ ದವಾಖಾನೆಯಲ್ಲಿ ಹೇಳಿದರು. ತೆಗೆಸಿದ ಮೇಲೆ ನಲವತ್ತು ದಿನ ಬೆಂಕಿ ಮತ್ತು ಹೊಗೆಯ ಹತ್ತಿರ ಹೋಗುವಂತಿಲ್ಲ. ನಾಗರ ಪಂಚಮಿ ಹತ್ತಿರ ಬಂದಿತ್ತು. ಅಂಗಡಿಗೆ ಅದೇ ಸುಗ್ಗಿ. ಸಾವ್ಕಾರರು ನನ್ನನ್ನು ನೋಡಿದರು, ಕಡಾಯಿ ನೋಡಿದರು, ನಾಲಿಗೆಯಿಂದ ತಮ್ಮ ಹಲ್ಲಿನ ಟೋಪಿ ಮುಟ್ಟಿ ನೋಡಿಕೊಂಡರು.

"ಹುನಗುಂದದಾಂವ ಒಬ್ಬ ಅದಾನ, ಭಟ್ಟಿ ಕೆಲಸದಾಂವ. ತನ್ನ ಮಂದಿನ್ನೂ ಕರಕೊಂಡ ಬರ್ತಾನಂತ" ಎಂದರು.

ತನ್ನ ಮಂದಿ ಎಂದರೆ ನಾನು ಮನೆಗೆ. ಮನೆಗೆ ಎಂದರೆ ಮತ್ತೆ ಖೋಡಿ.

ದೊಡ್ಡವ್ವ ಹೇಳಿದಳು: "ನಾಳೆ ಒಂದ ಕಡಾಯಿ ಇಂವ ಒಬ್ಬನ ತೆಗೀಲಿ. ನಾ ಹೊರಗ ಕಟ್ಟಿ ಮ್ಯಾಲ ಕುಂದರ್ತೇನಿ. ಕೆಟ್ರ ಹುನಗುಂದದಾಂವನ್ನ ಕರೀರಿ, ನಾ ಬಾಯಿ ಬಿಚ್ಚಂಗಿಲ್ಲ."

"ನೀ ಬಾಯಿ ಬಿಚ್ಚಂಗಿಲ್ಲಾ?" ಎಂದು ಸಾವ್ಕಾರರು ಕೇಳಿದರು. ಆ ಆಸೆಗೇ ಒಪ್ಪಿದರೋ ಏನೋ.

ಮರುದಿನ ಬೆಳಿಗ್ಗೆ ಆಕೆ ಹಿತ್ತಲ ಬಾಗಿಲಿನಾಚೆ ಕಟ್ಟೆಯ ಮೇಲೆ ಕೂತಳು. ಅಲ್ಲಿಂದ ಕಡಾಯಿಯ ಸದ್ದು ಕೇಳುವುದಿಲ್ಲ. ಬಾಗಿಲಲ್ಲಿ ಸಾವ್ಕಾರರು. ತಟ್ಟೆಗಳ ಮುಂದೆ ಇಬ್ಬರು ಹೆಣ್ಣುಮಕ್ಕಳು. ನಾನು ಒಲೆ ಹೊತ್ತಿಸಿದೆ. ಬೆಲ್ಲ ಹೊಸದು, ಹಿಂದಿನ ದಿನ ಬಂದದ್ದು. ಕೈಗೆ ಸ್ವಲ್ಪ ಒದ್ದೆ ಅನಿಸಿತ್ತು. ಯಾರಿಗೂ ಹೇಳಲಿಲ್ಲ.

ಕುದಿಯಿತು. ನೊರೆ ಏರಿತು. ಬುಳುಬುಳು. ನಾನು ತಿರುವುತ್ತಲೇ ಇದ್ದೆ. ಬೆವರು ಕಣ್ಣಿಗೆ ಇಳಿಯಿತು. ಹಳೆಯ ಚಟ, ಕಣ್ಣು ತಾನಾಗಿಯೇ ಹೊರಗೆ ಹೋಯಿತು. ಆಗಲೇ ದೊಡ್ಡವ್ವ ಎದ್ದು ನಿಂತಳು. ಸೆರಗು ಎಳೆದು ಸೊಂಟಕ್ಕೆ ಸಿಗಿಸಿದಳು.

"ತೆಗಿಯೋ, ತೆಗಿ!" ಎಂದು ಸಾವ್ಕಾರರು ಕೂಗಿದರು. "ದೊಡ್ಡವ್ವ ಸೆರಗ ಸಿಗಿಸಿದ್ಲು!"

ಹೆಣ್ಣುಮಕ್ಕಳು ದಡಬಡ ತಟ್ಟೆ ಎಳೆದುಕೊಂಡರು. ಆಗ ತಿಳಿಯಿತು. ಕದ್ದವನು ನಾನೊಬ್ಬನೇ ಅಲ್ಲ. ಇಡೀ ಅಂಗಡಿಯೇ ಎಷ್ಟೋ ವರ್ಷದಿಂದ ಆ ಸೆರಗಿನ ಮೇಲೆ ನಡೆಯುತ್ತಿತ್ತು.

ನನ್ನ ಕೈ ಒಲೆಯ ಕೀಲಿಗೆ ಹೋಗಿತ್ತು. ಕಿವಿ ಒಪ್ಪಲಿಲ್ಲ. ಕಡಾಯಿ ಇನ್ನೂ ಬುಳುಬುಳು ಎನ್ನುತ್ತಿತ್ತು. ಸೌಟು ಹಗುರವಾಗಿತ್ತು. ದೊಡ್ಡವ್ವನ ಸೆರಗು ಬಂತು ಎನ್ನುತ್ತದೆ, ಬೆಲ್ಲ ಇಲ್ಲ ಎನ್ನುತ್ತದೆ.

"ಇನ್ನೂ ಇಲ್ರಿ" ಎಂದೆ.

"ಏನ್ ಇಲ್ಲ? ಆಕಿಕಿಂತಾ ನೀ ಶಾಣ್ಯಾನ? ತೆಗೀತಿಯೋ ಇಲ್ಲೋ?"

"ಇಲ್ರಿ."

ಸಾವ್ಕಾರರು ಫೋನು ತೆಗೆದರು. ಹುನಗುಂದಕ್ಕೆ ಎಂದು ಗೊತ್ತಿತ್ತು. ನಾನು ಅವರಿಗೂ ಬಾಗಿಲಿಗೂ ಬೆನ್ನು ಹಾಕಿ ಕಡಾಯಿಗೆ ಬಗ್ಗಿದೆ. ಎಷ್ಟು ಹೊತ್ತೋ. ಕೆಟ್ಟಿತು, ಮುಗಿಯಿತು, ಸುಮ್ಮನೆ ಹಟ ಮಾಡಿದೆ ಎಂದು ಒಳಗೊಳಗೇ ಅನಿಸುತ್ತಿತ್ತು. ಆಮೇಲೆ ನೊರೆ ಕೂತಿತು. ಫಟ್. ಸೌಟು ತಡೆಯಿತು. ಫಟ್. ಹುರಿದ ವಾಸನೆ. ಬಟ್ಟಲಿಗೆ ಒಂದು ಹನಿ ಬಿಟ್ಟೆ, ಉಂಡೆಯಾಗಿ ಕೂತಿತು.

ಆರಿಸಿದೆ. ಸುರಿದೆ. ಕಲಸಿದೆ. ತಟ್ಟೆಗೆ ಹಾಕಿದೆ. ಗೋಡೆ ಹಿಡಿದು ಕೂತೆ.

ಆರಿದ ಮೇಲೆ ದೊಡ್ಡವ್ವ ಒಂದು ತುಂಡು ಎತ್ತಿ ಕಿವಿಗೆ ಹಿಡಿದಳು. ಮುರಿದಳು. ಇನ್ನೊಂದು ತುಂಡನ್ನು ಇನ್ನೊಂದು ಕಿವಿಗೆ ಹಿಡಿದು ಮುರಿದಳು.

"ಸಾವ್ಕಾರ್ರ, ಹುನಗುಂದದಾಂವಗ ಬ್ಯಾಡ ಅಂತ ಹೇಳ್ರಿ."

"ಮತ್ತ ನೀ ಆಗಲೇ ಸೆರಗ ಸಿಗಿಸಿದ್ದಿ?"

"ಹುಡುಗನ್ನ ಪರೀಕ್ಷಾ ಮಾಡಾಕ್ರಿ" ಎಂದು ಆಕೆ ಗತ್ತಿನಿಂದ ಹೇಳಿದಳು. ಎಲ್ಲರೂ ನಂಬಿದರು. ನಾನೂ ನಂಬಿದೆ.

ಎರಡು ದಿನದ ಮೇಲೆ ಬಾಗಲಕೋಟೆಯ ಬಸ್ಸು ಹತ್ತಿಸಲು ಹೋದಾಗ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಹಿಂದೆ ಜನ ನೂಕುತ್ತಿದ್ದರು.

"ಲೇ, ನಾ ಖರೇನ ಬಂತು ಅಂತ ತಿಳಿದಿದ್ನಿ. ದಿನಾ ಆಗೂ ಹೊತ್ತು ಆಗಿತ್ತಲ್ಲ. ಬೆಲ್ಲ ಹೊಸಾದು, ಹಸೀದು, ಹೆಚ್ಚಿಗಿ ಹೊತ್ತು ಬೇಡತೈತಿ ಅಂತ ನನಗ ಗೊತ್ತಿದ್ದಿಲ್ಲ. ಕಡಾಯಿ ಮುಂದ ನೀ ಇದ್ದಿ, ನಾ ಇದ್ದಿದ್ದಿಲ್ಲ."

"ಇರಲಿ ಬೇ."

"ಏನ್ ಇರಲಿ? ನನ್ನ ಸೆರಗ ನಂಬಿದ್ದಂದ್ರ ನೀ ಮನಿಗಿ ಹೋಗತಿದ್ದಿ" ಎಂದು ಬೈದು, ಕಂಡಕ್ಟರನಿಗೂ ನಾಲ್ಕು ಬೈದು, ಹತ್ತಿ ಹೋದಳು.

ಪಂಚಮಿ ಮುಗಿಯಿತು. ನಲವತ್ತು ದಿನ ಕಳೆದು ಕರಿ ಕನ್ನಡಕ ಹಾಕಿಕೊಂಡು ಬಂದಳು. ಭಟ್ಟಿ ಕೋಣೆಯೊಳಗೆ ಬಂದು ಕನ್ನಡಕ ತೆಗೆದು ಸುತ್ತ ನೋಡಿದಳು. ಮಾಡು, ಗೋಡೆ, ಕಡಾಯಿಯ ಹೊರಮೈ.

"ಅಯ್ಯ ಶಿವನ! ಇಷ್ಟು ವರ್ಷ ಇಷ್ಟು ಹೊಲಸಿನ್ಯಾಗ ನಿಂತಿದ್ನೇನಲೇ ನಾ?"

ನಾನು ಸೌಟನ್ನು ಆಕೆಯ ಕಡೆ ಚಾಚಿದೆ. ಅದು ಆಕೆಯದೇ ಜಾಗ. ಆಕೆ ತೆಗೆದುಕೊಳ್ಳಲಿಲ್ಲ. ಕಡಾಯಿಗೆ ಬಗ್ಗಿ ಹೊಸ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. ಕಿವಿ ಕೊಟ್ಟಳು.

"ನನಗ ಬಂದಂಗ ಕಾಣತೈತಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಬಂತೇನೋ?"

ಆಕೆ ಯಾರನ್ನಾದರೂ ಹಾಗೆ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಇನ್ನೂ ಸ್ವಲ್ಪ ಐತಿ ಬೇ."

"ಐತಿ ಅಂದ್ರ ಐತಿ" ಎಂದು ಆಕೆ ಹೆಣ್ಣುಮಕ್ಕಳ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೂತಳು. ಒಂದು ತಟ್ಟೆ ಮುಂದಕ್ಕೆ ಎಳೆದು ತುಪ್ಪ ಸವರತೊಡಗಿದಳು.